ಅಪ್‌ಡೇಟ್ ಒತ್ತುವ ಮುಂಚೆ ದೋಷ ಎಲ್ಲಿದೆ ನೋಡಿ

ವೈಫೈ ಮಾಯವಾಗಿದೆ. ಪ್ರಿಂಟರ್ ಕಾಣಿಸುತ್ತಿಲ್ಲ. ಸ್ಪೀಕರ್‌ನಲ್ಲಿ ಸದ್ದಿಲ್ಲ. ತೂಕದ ಯಂತ್ರದ ಅಂಕಿ ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಬರುತ್ತಿಲ್ಲ. ಇಂಥ ಹೊತ್ತಿನಲ್ಲಿ ಬೆಂಗಳೂರಿನ ಮನೆ, ಅಂಗಡಿ, ಸಣ್ಣ ಆಫೀಸುಗಳಲ್ಲಿ ಜನ ಹಿಡಿಯುವುದು ಹೆಚ್ಚಾಗಿ ಎರಡು ದಾರಿ. ಗೂಗಲ್‌ನಲ್ಲಿ ‘ಡ್ರೈವರ್ ಡೌನ್‌ಲೋಡ್’ ಅಂತ ಹುಡುಕಿ ಮೊದಲು ಸಿಕ್ಕಿದ್ದನ್ನು ಹಾಕಿಬಿಡುತ್ತಾರೆ, ಇಲ್ಲವೇ ಅಲ್ಲೇ ಕಂಡ ‘ಕಸ್ಟಮರ್ ಕೇರ್’ ನಂಬರಿಗೆ ಫೋನ್ ಮಾಡುತ್ತಾರೆ. ಎರಡರಲ್ಲೂ ಕೆಟ್ಟದ್ದು ಇನ್ನಷ್ಟು ಕೆಡುವ ಅಪಾಯ ಇದೆ.

ದೋಷ ನಾಲ್ಕು ಕಡೆ ಇರಬಹುದು: ಆ ಭಾಗದಲ್ಲೇ ಅಥವಾ ಅದರ ಕೇಬಲ್‌ನಲ್ಲಿ, ಡ್ರೈವರ್‌ನಲ್ಲಿ (ಆ ಭಾಗವನ್ನು ವಿಂಡೋಸ್ ಜೊತೆ ಮಾತಾಡಿಸುವ ಸಾಫ್ಟ್‌ವೇರ್), ವಿಂಡೋಸ್‌ನಲ್ಲಿ, ಮದರ್‌ಬೋರ್ಡ್‌ನ ಬಯಾಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ಯಂತ್ರವನ್ನು ಶುರುಮಾಡುವ ಸಾಫ್ಟ್‌ವೇರ್). ಒಂದೊಂದಕ್ಕೂ ಅಪ್‌ಡೇಟ್ ಬರುವ ಜಾಗ ಬೇರೆ, ಜವಾಬು ಕೊಡಬೇಕಾದವರೂ ಬೇರೆ. ಯಾವುದು ಅಂತ ಗೊತ್ತಿಲ್ಲದೆ ಅಪ್‌ಡೇಟ್ ಹಾಕಿ ಸರಿಹೋದರೆ ಕಾರಣ ತಿಳಿಯುವುದಿಲ್ಲ. ಸರಿಹೋಗದಿದ್ದರೆ ಹಳೇ ದೋಷದ ಜೊತೆ ಹೊಸದೊಂದು ಸೇರಿಕೊಂಡಿರುತ್ತದೆ. ಆದ್ದರಿಂದ ಮೊದಲು ಪತ್ತೆ, ಆಮೇಲೆ ಅಪ್‌ಡೇಟ್, ಅದಾದ ಮೇಲೆ ಫೋನ್. ಇಲ್ಲಿ ಬರೆದಿರುವುದು ವಿಂಡೋಸ್ 10 ಮತ್ತು 11 ಯಂತ್ರಗಳಿಗೆ ನಾನು ಅನುಸರಿಸುವ ಕ್ರಮ.

ಮೊದಲು ಗಡಿಯಾರ

ಅಪ್‌ಡೇಟ್ ಡೌನ್‌ಲೋಡ್ ಆಗುತ್ತಿಲ್ಲ, ಕಂಪನಿಯ ವೆಬ್‌ಸೈಟ್ ತೆರೆದರೆ ‘ಸುರಕ್ಷಿತವಲ್ಲ’ ಅನ್ನುತ್ತಿದೆ ಅಂದರೆ ಪರದೆಯ ಮೂಲೆಯಲ್ಲಿರುವ ದಿನಾಂಕವನ್ನು ನೋಡಿ. ವರ್ಷ ತಪ್ಪಿದ್ದರೆ ಅರ್ಧ ಕೆಲಸ ಅಲ್ಲಿಗೇ ಮುಗಿಯಿತು. ಪ್ರತಿ ಸುರಕ್ಷಿತ ವೆಬ್‌ಸೈಟಿನ ಪ್ರಮಾಣಪತ್ರಕ್ಕೂ ಆರಂಭದ ದಿನ, ಕೊನೆಯ ದಿನ ಇರುತ್ತವೆ. ನಿಮ್ಮ ಯಂತ್ರ ಹಳೇ ಯಾವುದೋ ವರ್ಷದಲ್ಲಿದ್ದೇನೆ ಅಂದುಕೊಂಡರೆ ಯಾವ ಪ್ರಮಾಣಪತ್ರವನ್ನೂ ಒಪ್ಪುವುದಿಲ್ಲ, ಅಪ್‌ಡೇಟ್ ಸರ್ವರನ್ನೂ ನಂಬುವುದಿಲ್ಲ.

ಸರಿಪಡಿಸಿದ ದಿನಾಂಕ ಮರುದಿನ ಬೆಳಿಗ್ಗೆ ಮತ್ತೆ ತಪ್ಪಿದ್ದರೆ ಮದರ್‌ಬೋರ್ಡ್ ಮೇಲಿನ ಸೆಲ್ ಮುಗಿದಿದೆ. ಡೆಸ್ಕ್‌ಟಾಪ್‌ಗಳಲ್ಲಿ ಅದು ಸಾಮಾನ್ಯವಾಗಿ 3 ವೋಲ್ಟಿನ ಸಿಆರ್2032, ನಾಣ್ಯದಂತಿರುವ ಸೆಲ್. ವಾಚ್ ಅಂಗಡಿಯಲ್ಲೂ ಸಿಗುತ್ತದೆ. ರಾತ್ರಿ ಅಂಗಡಿ ಮುಚ್ಚುವಾಗ ಮೇನ್ ಸ್ವಿಚ್ಚನ್ನೇ ಆರಿಸಿ ಹೋಗುವ ಕಡೆ ಈ ಸೆಲ್ ಬೇಗ ಮುಗಿಯುತ್ತದೆ, ಯಾಕೆಂದರೆ ಕರೆಂಟ್ ಇಲ್ಲದ ಅಷ್ಟೂ ಹೊತ್ತು ಗಡಿಯಾರ ಓಡುವುದು ಆ ಸೆಲ್‌ನಿಂದಲೇ. ಚಿಕ್ಕಪೇಟೆ, ಅವೆನ್ಯೂ ರಸ್ತೆಯ ಅಂಗಡಿಯವರು ಇದನ್ನು ನೆನಪಿಟ್ಟುಕೊಳ್ಳಿ. ಲ್ಯಾಪ್‌ಟಾಪ್‌ಗಳಲ್ಲಿ ಅದೇ ಸೆಲ್‌ಗೆ ವೈರ್ ಮತ್ತು ಕನೆಕ್ಟರ್ ಇರಬಹುದು, ಅದನ್ನು ತಿಳಿದವರ ಕೈಯಲ್ಲೇ ಹಾಕಿಸಿ.

ದಿನಾಂಕ ಸರಿಯಿದ್ದರೆ ಸಿ ಡ್ರೈವ್‌ನಲ್ಲಿ ಎಷ್ಟು ಜಾಗ ಉಳಿದಿದೆ ನೋಡಿ. ವಿಂಡೋಸ್ ಅಪ್‌ಡೇಟ್ ತೋರಿಸುವ ದೋಷಸಂಖ್ಯೆ 80070070 ಅಂತ ಕೊನೆಯಾದರೆ ಜಾಗ ಸಾಲದು ಎಂದರ್ಥ. ಡೌನ್‌ಲೋಡ್ ಫೋಲ್ಡರಿನಲ್ಲಿರುವ ಹಳೇ ವಿಡಿಯೋಗಳನ್ನು ಬೇರೆಡೆ ಹಾಕಿ ಮತ್ತೆ ಪ್ರಯತ್ನಿಸಿ.

ಇದು ಯಾವ ಯಂತ್ರ?

ಲ್ಯಾಪ್‌ಟಾಪಿನ ಮುಚ್ಚಳದ ಮೇಲಿನ ಹೆಸರು ಸಾಲದು. ಒಂದೇ ಹೆಸರಿನ ಮಾದರಿಯಲ್ಲಿ ಒಂದು ಯಂತ್ರಕ್ಕೆ ಇಂಟೆಲ್ ವೈಫೈ ಕಾರ್ಡು, ಇನ್ನೊಂದಕ್ಕೆ ರಿಯಲ್‌ಟೆಕ್ ಕಾರ್ಡು ಹಾಕಿರುತ್ತಾರೆ. ಬೇಕಾದದ್ದು ಸರಣಿ ಸಂಖ್ಯೆ. ಡೆಲ್‌ನವರು ಅದನ್ನು ಸರ್ವಿಸ್ ಟ್ಯಾಗ್ ಅನ್ನುತ್ತಾರೆ, 7 ಅಕ್ಷರ-ಅಂಕಿಗಳಿರುತ್ತವೆ. ಕೆಳಭಾಗದ ಸ್ಟಿಕ್ಕರ್ ಸವೆದುಹೋಗಿದ್ದರೆ ಬಯಾಸ್ ಪರದೆಯಲ್ಲಿ ಸಿಗುತ್ತದೆ. ಸ್ಟಾರ್ಟ್ ಮೆನುವಿನಲ್ಲಿ ‘ಸಿಸ್ಟಮ್ ಇನ್ಫರ್ಮೇಶನ್’ ತೆರೆದರೆ ಮಾದರಿ, ಬಯಾಸ್ ಆವೃತ್ತಿ, ಅದರ ದಿನಾಂಕ ಎಲ್ಲ ಒಂದೇ ಕಡೆ ಕಾಣುತ್ತವೆ. ಅದರ ಫೋಟೋ ತೆಗೆದಿಟ್ಟುಕೊಳ್ಳಿ.

ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಳ್ಳುವವರು ಸ್ಟಿಕ್ಕರ್‌ನ ಸಂಖ್ಯೆ, ಬಯಾಸ್‌ನ ಸಂಖ್ಯೆ ಎರಡೂ ಹೊಂದುತ್ತವೆಯೇ ಅಂತ ಅಂಗಡಿಯಲ್ಲೇ ನೋಡಿ. ಹೊಂದದಿದ್ದರೆ ಕೆಳಗಿನ ಬಾಡಿಯೋ ಮದರ್‌ಬೋರ್ಡೋ ಬದಲಾಗಿದೆ. ಅದೇನೂ ದೊಡ್ಡ ಅಪರಾಧವಲ್ಲ, ಆದರೆ ಯಾವ ಸಂಖ್ಯೆಯಲ್ಲಿ ವಾರಂಟಿ ಉಳಿದಿದೆ, ಯಾವುದಕ್ಕೆ ತಕ್ಕ ಬಯಾಸ್ ಹಾಕಬೇಕು ಅನ್ನುವುದು ಇದರಿಂದಲೇ ನಿರ್ಧಾರವಾಗುತ್ತದೆ.

ಕಂಪ್ಯೂಟರ್ ಭಾಗಗಳ ಅಂಗಡಿಗಳಿರುವ ಎಸ್‌ಪಿ ರೋಡಿನಲ್ಲಿ ಜೋಡಿಸಿಕೊಂಡ ಡೆಸ್ಕ್‌ಟಾಪ್ ಆದರೆ ಲೆಕ್ಕ ಬೇರೆ. ಅಲ್ಲಿ ಇಡೀ ಯಂತ್ರಕ್ಕೆ ಒಂದು ಕಂಪನಿ ಇಲ್ಲ. ಪ್ರೊಸೆಸರ್, ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಎಸ್‌ಎಂಪಿಎಸ್ (ಕರೆಂಟ್ ಒದಗಿಸುವ ಪೆಟ್ಟಿಗೆ) ಪ್ರತಿಯೊಂದಕ್ಕೂ ಅದರದ್ದೇ ವಾರಂಟಿ, ಅದರದ್ದೇ ಸರ್ವಿಸ್. ಬಿಲ್ಲಿನಲ್ಲಿ ಪ್ರತಿ ಭಾಗದ ಸರಣಿ ಸಂಖ್ಯೆ ಬರೆಸಿಕೊಳ್ಳಲೇಬೇಕು. ಬೋರ್ಡಿನ ಮಾದರಿ ಹೆಸರಿನ ಜೊತೆಗೆ ಬೋರ್ಡ್ ಮೇಲೆ ಸಣ್ಣದಾಗಿ ಮುದ್ರಿಸಿರುವ ರಿವಿಷನ್ ಸಂಖ್ಯೆಯನ್ನೂ ಗುರುತಿಸಿ. ಗಿಗಾಬೈಟ್‌ನಂಥ ಕಂಪನಿಗಳು ಒಂದೇ ಮಾದರಿಯ ಬೇರೆ ಬೇರೆ ರಿವಿಷನ್‌ಗೆ ಬೇರೆ ಬೇರೆ ಬಯಾಸ್ ಕೊಡುತ್ತವೆ.

ಡಿವೈಸ್ ಮ್ಯಾನೇಜರ್ ಏನು ಹೇಳುತ್ತದೆ

ಸ್ಟಾರ್ಟ್ ಬಟನ್ ಮೇಲೆ ಬಲ ಕ್ಲಿಕ್ ಮಾಡಿದರೆ ಡಿವೈಸ್ ಮ್ಯಾನೇಜರ್ ಸಿಗುತ್ತದೆ. ಹಳದಿ ಗುರುತಿರುವ ಸಾಲನ್ನು ಎರಡು ಸಲ ಒತ್ತಿ. ಅಲ್ಲಿರುವ ಕೋಡ್ ಓದದೆ ಮುಂದಿನ ಹೆಜ್ಜೆ ಇಡಬೇಡಿ. ಕೋಡ್ 28 ಅಂದರೆ ಡ್ರೈವರ್ ಹಾಕಿಯೇ ಇಲ್ಲ. ಇದು ಒಳ್ಳೆಯ ಸುದ್ದಿ, ಸರಿಯಾದ ಡ್ರೈವರ್ ಸಿಕ್ಕರೆ ಸಾಕು. ಕೋಡ್ 22 ಅಂದರೆ ಯಾರೋ ಅದನ್ನು ಆಫ್ ಮಾಡಿದ್ದಾರೆ, ‘ಎನೇಬಲ್’ ಒತ್ತಿದರೆ ಮುಗಿಯಿತು. ಕೋಡ್ 10 ಅಂದರೆ ಆ ಭಾಗ ಶುರುವಾಗಲಿಲ್ಲ. ಇದು ಡ್ರೈವರ್ ಹೊಂದದೆಯೂ ಆಗಬಹುದು, ಭಾಗ ಕೆಟ್ಟೂ ಆಗಬಹುದು. ಕೋಡ್ 43 ಅಂದರೆ ತನಗೆ ತೊಂದರೆಯಾಗಿದೆ ಅಂತ ಆ ಭಾಗವೇ ಹೇಳಿದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿದೆ. ಯುಎಸ್‌ಬಿ ಸಾಧನಕ್ಕೆ 43 ಬಂದರೆ ಮೊದಲು ಕೇಬಲ್ ಬದಲಿಸಿ, ಹಬ್ ತೆಗೆದು ನೇರ ಚುಚ್ಚಿ, ಬೇರೆ ಯಂತ್ರಕ್ಕೆ ಹಾಕಿ ನೋಡಿ. ಅಲ್ಲೂ 43 ಬಂದರೆ ಯಾವ ಅಪ್‌ಡೇಟೂ ಅದನ್ನು ಬದುಕಿಸುವುದು ಅನುಮಾನ.

ಪಟ್ಟಿಯಲ್ಲಿ ಆ ಭಾಗದ ಸುಳಿವೇ ಇಲ್ಲದಿದ್ದರೆ ಡ್ರೈವರ್ ಹುಡುಕಿ ಪ್ರಯೋಜನವಿಲ್ಲ. ಡ್ರೈವರ್ ಇಲ್ಲದ ಸಾಧನವೂ ‘ಅನ್‌ನೋನ್ ಡಿವೈಸ್’ ಅಂತಲಾದರೂ ಕಾಣಬೇಕು. ಕಾಣುತ್ತಿಲ್ಲ ಅಂದರೆ ಬಯಾಸ್‌ನಲ್ಲಿ ಅದನ್ನು ಆಫ್ ಮಾಡಿದೆ, ಕನೆಕ್ಟರ್ ಸಡಿಲವಾಗಿದೆ, ಇಲ್ಲವೇ ಭಾಗ ಸತ್ತಿದೆ.

‘ಅನ್‌ನೋನ್ ಡಿವೈಸ್’ ಕಂಡರೆ ಅದರ ಡೀಟೇಲ್ಸ್ ಪುಟದಲ್ಲಿ ಹಾರ್ಡ್‌ವೇರ್ ಐಡಿ ಆರಿಸಿ. ‘ವೆನ್’ (VEN) ಅನ್ನುವ ಅಕ್ಷರಗಳ ಮುಂದಿನ ನಾಲ್ಕು ಸ್ಥಾನ ತಯಾರಕರ ಗುರುತು: 8086 ಇಂಟೆಲ್, 10ಡಿಇ ಎನ್‌ವಿಡಿಯಾ, 1002 ಎಎಂಡಿ, 10ಇಸಿ ರಿಯಲ್‌ಟೆಕ್, 14ಇ4 ಬ್ರಾಡ್‌ಕಾಮ್. ಇಷ್ಟು ತಿಳಿದರೆ ಯಾರ ಡ್ರೈವರ್ ಬೇಕು ಅನ್ನುವ ಊಹೆಯಾಟ ನಿಲ್ಲುತ್ತದೆ.

ಇನ್ನೂ ಅನುಮಾನವಿದ್ದರೆ ನಾನು ಹೆಚ್ಚು ನಂಬುವ ಪರೀಕ್ಷೆ ಒಂದಿದೆ. ಪೆನ್‌ಡ್ರೈವ್‌ಗೆ ಉಬುಂಟು (ವಿಂಡೋಸ್ ಬದಲು ಓಡುವ ಉಚಿತ ಲಿನಕ್ಸ್ ವ್ಯವಸ್ಥೆ) ಹಾಕಿ, ಯಂತ್ರವನ್ನು ಅದರಿಂದಲೇ ಶುರುಮಾಡಿ, ಇನ್‌ಸ್ಟಾಲ್ ಮಾಡದೆ ‘ಟ್ರೈ’ ಆರಿಸಿ. ಅಲ್ಲಿ ವೈಫೈ, ಸ್ಪೀಕರ್, ಕ್ಯಾಮೆರಾ ಕೆಲಸ ಮಾಡಿದರೆ ಹಾರ್ಡ್‌ವೇರ್ ಸರಿಯಿದೆ, ದೋಷ ವಿಂಡೋಸ್ ಅಥವಾ ಡ್ರೈವರ್‌ನದ್ದು. ಇದಕ್ಕೆ ದುಡ್ಡು ಬೇಕಿಲ್ಲ, ಒಳಗಿನ ಫೈಲುಗಳಿಗೂ ಏನೂ ಆಗುವುದಿಲ್ಲ. ಒಂದೇ ಎಚ್ಚರಿಕೆ: ಬ್ರಾಡ್‌ಕಾಮ್‌ನ ಕೆಲವು ವೈಫೈ ಕಾರ್ಡುಗಳು ಲಿನಕ್ಸ್‌ನಲ್ಲಿ ತಾವಾಗಿ ಓಡುವುದಿಲ್ಲ, ಆದ್ದರಿಂದ ಅಲ್ಲೂ ಕಾಣದಿದ್ದ ಮಾತ್ರಕ್ಕೆ ಕಾರ್ಡ್ ಕೆಟ್ಟಿದೆ ಅಂತ ತೀರ್ಪು ಕೊಡಬೇಡಿ.

ಅಗ್ಗದ ಸೀರಿಯಲ್ ಕೇಬಲ್

ಇದನ್ನು ಬೇರೆಯಾಗಿಯೇ ಹೇಳಬೇಕು, ಅಂಗಡಿಗಳಲ್ಲಿ ಅಷ್ಟು ಸಾಮಾನ್ಯ. ತೂಕದ ಯಂತ್ರ, ಹಳೇ ಬಿಲ್ ಪ್ರಿಂಟರ್, ಹಾಜರಿ ಯಂತ್ರಗಳನ್ನು ಕಂಪ್ಯೂಟರಿಗೆ ಜೋಡಿಸಲು ಯುಎಸ್‌ಬಿ-ಸೀರಿಯಲ್ ಕೇಬಲ್ ಬಳಸುತ್ತಾರೆ. ವರ್ಷಗಟ್ಟಲೆ ಓಡಿದ್ದು ಒಂದು ಬೆಳಿಗ್ಗೆ ನಿಲ್ಲುತ್ತದೆ. ಯಾರೂ ಏನೂ ಮುಟ್ಟಿಲ್ಲ ಅನ್ನುತ್ತಾರೆ, ಅದು ನಿಜವೂ ಹೌದು. ಮುಟ್ಟಿದ್ದು ವಿಂಡೋಸ್ ಅಪ್‌ಡೇಟ್.

ಇಂಥ ಬಹಳಷ್ಟು ಕೇಬಲ್‌ಗಳ ಒಳಗೆ ಪ್ರೊಲಿಫಿಕ್ ಕಂಪನಿಯ ಪಿಎಲ್2303 ಚಿಪ್ ಇರುತ್ತದೆ, ಅಥವಾ ಅದರ ನಕಲು ಇರುತ್ತದೆ. ಹೊಸ ಡ್ರೈವರ್ ಹಳೇ ಚಿಪ್‌ಗಳನ್ನೂ ನಕಲುಗಳನ್ನೂ ಗುರುತಿಸಿ ನಿಲ್ಲಿಸುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಕೋಡ್ 10 ಕಾಣಬಹುದು, ಇಲ್ಲವೇ ಸಾಧನದ ಹೆಸರಿನ ಜಾಗದಲ್ಲೇ ಆ ಚಿಪ್ ತಯಾರಿಕೆ 2012ರಿಂದ ನಿಂತಿದೆ, ಮಾರಿದವರನ್ನು ಕೇಳಿ ಅನ್ನುವ ಅರ್ಥದ ಇಂಗ್ಲಿಷ್ ಸಾಲು ಬರಬಹುದು. ಇಂಥದ್ದೇ ಚಿಪ್ ಮಾಡುವ ಎಫ್‌ಟಿಡಿಐ ಕಂಪನಿ 2014ರಲ್ಲಿ ಇನ್ನೂ ಮುಂದೆ ಹೋಗಿತ್ತು: ಅದರ ಡ್ರೈವರ್ ನಕಲಿ ಚಿಪ್‌ಗಳ ಗುರುತಿನ ಸಂಖ್ಯೆಯನ್ನೇ ಸೊನ್ನೆಗೆ ಬದಲಿಸುತ್ತಿತ್ತು, ಗಲಾಟೆಯಾದ ಮೇಲೆ ಆ ಅಪ್‌ಡೇಟ್ ಹಿಂದಕ್ಕೆ ಹೋಯಿತು. ನಕಲು ಮಾಡಿದ್ದು ತಪ್ಪೇ. ಆದರೆ ಶಿಕ್ಷೆ ಬಿದ್ದದ್ದು ನಕಲು ಮಾಡಿದವರಿಗಲ್ಲ, ತಿಳಿಯದೆ ಕೊಂಡವರಿಗೆ. ಅದು ನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ.

ಅವತ್ತಿನ ವ್ಯಾಪಾರ ನಡೆಯಬೇಕು ಅಂದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಆ ಸಾಧನ ತೆರೆದು, ಡ್ರೈವರ್ ಪುಟದಲ್ಲಿ ‘ರೋಲ್ ಬ್ಯಾಕ್’ ಒತ್ತಿ. ಆ ಬಟನ್ ಮಂಕಾಗಿದ್ದರೆ ‘ಅಪ್‌ಡೇಟ್ ಡ್ರೈವರ್’ನಲ್ಲಿ ಕಂಪ್ಯೂಟರಿನಲ್ಲೇ ಹುಡುಕುವ ಆಯ್ಕೆ ಹಿಡಿದು, ಪಟ್ಟಿಯಿಂದ ಹಳೇ ಆವೃತ್ತಿ ಆರಿಸಿ. ಆದರೆ ಇದು ಆ ದಿನದ ಪರಿಹಾರ ಮಾತ್ರ. ಮುಂದಿನ ಅಪ್‌ಡೇಟ್ ಅದನ್ನು ಮತ್ತೆ ಅಳಿಸಬಹುದು. ಅಸಲಿ ಚಿಪ್ ಇರುವ ಕೇಬಲ್ಲನ್ನು ಬಿಲ್ ಸಮೇತ ಕೊಂಡುಬಿಡಿ. ಹೊಸ ಕೇಬಲ್ ಹಾಕಿದ ಮೇಲೆ ಕಾಮ್ ಪೋರ್ಟ್ ಸಂಖ್ಯೆ (ವಿಂಡೋಸ್ ಆ ಕೇಬಲ್‌ಗೆ ಕೊಡುವ ಸಂಖ್ಯೆ) ಬದಲಾಗಿರಬಹುದು. ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲೂ ಅದನ್ನು ಬದಲಿಸದಿದ್ದರೆ ಕೇಬಲ್ ಸರಿಯಿದ್ದೂ ತೂಕ ಬರುವುದಿಲ್ಲ.

ಡ್ರೈವರ್ ಎಲ್ಲಿಂದ ತರಬೇಕು

ಲ್ಯಾಪ್‌ಟಾಪ್ ಆದರೆ ಮೊದಲು ತಯಾರಕರ ಸಪೋರ್ಟ್ ಪುಟ, ಅದರಲ್ಲಿ ನಿಮ್ಮ ಸರಣಿ ಸಂಖ್ಯೆ. ಟಚ್‌ಪ್ಯಾಡ್, ಸೌಂಡ್, ಫಂಕ್ಷನ್ ಕೀಗಳನ್ನು ಅವರು ತಮ್ಮ ಯಂತ್ರಕ್ಕೆ ಹೊಂದಿಸಿರುತ್ತಾರೆ. ಗ್ರಾಫಿಕ್ಸ್ ಮತ್ತು ವೈಫೈಗೆ ಅಲ್ಲಿ ತೀರಾ ಹಳೆಯದು ಇದ್ದರೆ ಇಂಟೆಲ್, ಎನ್‌ವಿಡಿಯಾ, ಎಎಂಡಿಯ ಪುಟ. ವಿಂಡೋಸ್ ಅಪ್‌ಡೇಟ್‌ನಲ್ಲಿ (ವಿಂಡೋಸ್ 11 ಆದರೆ ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ) ‘ಆಪ್ಷನಲ್ ಅಪ್‌ಡೇಟ್ಸ್’ ಅಂತ ಇದೆ, ಅಲ್ಲೂ ಡ್ರೈವರ್ ಸಿಗುತ್ತವೆ. ನಿಮ್ಮ ತೊಂದರೆಗೆ ಸಂಬಂಧಿಸಿದ್ದನ್ನು ಮಾತ್ರ ಆರಿಸಿ. ಎಲ್ಲ ಡ್ರೈವರನ್ನೂ ಒಂದೇ ಏಟಿಗೆ ಹೊಸದು ಮಾಡುತ್ತೇವೆ ಅನ್ನುವ ಅಪ್ಲಿಕೇಶನ್‌ಗಳನ್ನು ಹಾಕಲೇಬೇಡಿ.

ವೈಫೈ ಡ್ರೈವರೇ ಇಲ್ಲ, ಇಂಟರ್‌ನೆಟ್ ಇಲ್ಲದೆ ಡ್ರೈವರ್ ತರುವುದು ಹೇಗೆ? ಆಂಡ್ರಾಯ್ಡ್ ಫೋನನ್ನು ಕೇಬಲ್‌ನಿಂದ ಜೋಡಿಸಿ, ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ‘ಯುಎಸ್‌ಬಿ ಟೆದರಿಂಗ್’ ಹಾಕಿ. ಸಾಮಾನ್ಯವಾಗಿ ಬೇರೆ ಡ್ರೈವರ್ ಇಲ್ಲದೆಯೇ ಇಂಟರ್‌ನೆಟ್ ಬರುತ್ತದೆ.

ಫಾರ್ಮ್ಯಾಟ್ ಮಾಡಿಸಲು ಕೊಡುವ ಮುಂಚೆ ಈಗ ಓಡುತ್ತಿರುವ ಡ್ರೈವರ್‌ಗಳ ಪ್ರತಿ ತೆಗೆದಿಡಿ. ವಿಂಡೋಸ್ ಒಳಗೇ ಇರುವ ‘ಪಿಎನ್‌ಪಿ ಯುಟಿಲ್’ ಅನ್ನುವ ಉಪಕರಣ ಎಲ್ಲವನ್ನೂ ಒಂದು ಫೋಲ್ಡರಿಗೆ ಬರೆಯುತ್ತದೆ. ಫಾರ್ಮ್ಯಾಟ್ ಮಾಡುವವರಿಗೆ ಹೀಗೆ ಮಾಡಿ ಅಂತ ಹೇಳಿದರೆ ಬಲ್ಲವರು ತಕ್ಷಣ ಅರ್ಥಮಾಡಿಕೊಳ್ಳುತ್ತಾರೆ. ಹಳೇ ಮಾದರಿಗಳ ಡ್ರೈವರ್‌ಗಳನ್ನು ಕಂಪನಿಗಳು ಪುಟದಿಂದ ತೆಗೆದುಹಾಕುವುದೂ ಉಂಟು, ಆಗ ಆ ಫೋಲ್ಡರ್ ಒಂದೇ ಗತಿ.

ನಿನ್ನೆ ಅಪ್‌ಡೇಟ್ ಆಯಿತು, ಇವತ್ತು ಕೆಟ್ಟಿತು

ವಿಂಡೋಸ್ ಅಪ್‌ಡೇಟ್‌ನ ‘ಅಪ್‌ಡೇಟ್ ಹಿಸ್ಟರಿ’ಯಲ್ಲಿ ದಿನಾಂಕಗಳಿರುತ್ತವೆ. ತೊಂದರೆ ಶುರುವಾದ ದಿನಕ್ಕೂ ಅದಕ್ಕೂ ತಾಳೆ ಬಿದ್ದರೆ ಅಲ್ಲೇ ಇರುವ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ನಿಂದ ಅದೊಂದನ್ನು ತೆಗೆದು, ಅಪ್‌ಡೇಟ್‌ಗಳನ್ನು ಒಂದು ವಾರ ತಡೆಹಿಡಿದು ನೋಡಿ. ಪರದೆಯೇ ಬರದಿದ್ದರೆ ಸೇಫ್ ಮೋಡ್ ಬೇಕು, ಅಂದರೆ ತೀರಾ ಬೇಕಾದ ಡ್ರೈವರ್‌ಗಳಿಂದ ಮಾತ್ರ ವಿಂಡೋಸ್ ಶುರುಮಾಡುವ ದಾರಿ. ಲಾಗಿನ್ ಪರದೆಯವರೆಗೆ ಬರುವ ಯಂತ್ರದಲ್ಲಿ ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಿ. ಅಲ್ಲಿಗೂ ಬರದ ಯಂತ್ರ ಕೆಲವು ಸಲ ಸೋತ ಮೇಲೆ ತಾನಾಗಿಯೇ ರಿಪೇರಿ ಪರದೆಗೆ ಹೋಗುತ್ತದೆ.

2024ರ ಜುಲೈ 19ರಂದು ಭದ್ರತಾ ಸಾಫ್ಟ್‌ವೇರ್ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಒಂದು ದೋಷಪೂರಿತ ಅಪ್‌ಡೇಟ್‌ನಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ, ಜಗತ್ತಿನಾದ್ಯಂತ 85 ಲಕ್ಷ ವಿಂಡೋಸ್ ಯಂತ್ರಗಳು ನಿಂತವು. ಪರಿಹಾರ ಸರಳವಾಗಿತ್ತು: ಸೇಫ್ ಮೋಡ್‌ಗೆ ಹೋಗಿ ಒಂದು ಫೈಲ್ ಅಳಿಸುವುದು. ಆದರೆ ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಹಾಕಿದ್ದ ಯಂತ್ರಗಳಲ್ಲಿ ಅದಕ್ಕೂ ಮುಂಚೆ 48 ಅಂಕಿಯ ರಿಕವರಿ ಕೀ ಬೇಕಿತ್ತು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಈ ಬೀಗ ನಿಮಗೆ ತಿಳಿಯದೆಯೇ ಬಿದ್ದಿರಬಹುದು. ಇವತ್ತೇ ಆ ಖಾತೆಯ ಪುಟಕ್ಕೆ ಹೋಗಿ ಕೀಯನ್ನು ಕಾಗದದ ಮೇಲೆ ಬರೆದಿಡಿ. ಕೀ ಇಲ್ಲದಿದ್ದರೆ ಸರ್ವಿಸ್ ಸೆಂಟರ್‌ನವರೂ ನಿಮ್ಮ ಫೈಲುಗಳನ್ನು ತೆಗೆದುಕೊಡಲಾರರು.

ಬಯಾಸ್ ಅಪ್‌ಡೇಟ್: ಕಾರಣವಿದ್ದರೆ ಮಾತ್ರ

ಹೊಸ ಆವೃತ್ತಿ ಬಂದಿದೆ ಅನ್ನುವುದೊಂದೇ ಕಾರಣವಲ್ಲ. ಆವೃತ್ತಿಯ ಜೊತೆ ಕೊಟ್ಟಿರುವ ಟಿಪ್ಪಣಿ ಓದಿ, ನಿಮ್ಮ ತೊಂದರೆ ಅಥವಾ ಭದ್ರತೆಯ ಮಾತು ಅಲ್ಲಿದ್ದರೆ ಹಾಕಿ. ಹಾಕಲೇಬೇಕಾದ ಸಂದರ್ಭಗಳೂ ಇವೆ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಹಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಹೆಚ್ಚು ವೋಲ್ಟೇಜ್ ಕೇಳಿಕೊಂಡು ಹಾಳಾಗುತ್ತಿದ್ದವು. ಅದಕ್ಕೆ ಪರಿಹಾರ 2024ರ ಆಗಸ್ಟ್‌ನಿಂದ ಬಯಾಸ್ ಮೂಲಕವೇ ಬಂತು, ವಾರಂಟಿಯನ್ನೂ ಕಂಪನಿ 2 ವರ್ಷ ಹೆಚ್ಚಿಸಿತು. ಈಗಾಗಲೇ ಹಾಳಾದ ಪ್ರೊಸೆಸರ್ ಈ ಅಪ್‌ಡೇಟ್‌ನಿಂದ ಸರಿಯಾಗುವುದಿಲ್ಲ. ಅಂಥದ್ದನ್ನು ವಾರಂಟಿಯಲ್ಲಿ ಬದಲಿಸಿಕೊಳ್ಳಿ. ಇನ್ನೊಂದು, ಯಂತ್ರ ಶುರುವಾಗುವಾಗ ನಂಬಬಹುದಾದ ಸಾಫ್ಟ್‌ವೇರನ್ನು ಮಾತ್ರ ಬಿಡುವ ಸೆಕ್ಯೂರ್ ಬೂಟ್‌ನ 2011ರ ಪ್ರಮಾಣಪತ್ರಗಳ ಅವಧಿ 2026ರ ಜೂನ್‌ನಿಂದ ಮುಗಿಯುತ್ತಾ ಬರುತ್ತದೆ. ಹೆಚ್ಚಿನ ಯಂತ್ರಗಳಿಗೆ ಹೊಸವು ವಿಂಡೋಸ್ ಅಪ್‌ಡೇಟ್‌ನಲ್ಲೇ ಬರುತ್ತವೆ, ಕೆಲವಕ್ಕೆ ತಯಾರಕರ ಬಯಾಸ್ ಬೇಕಾಗುತ್ತದೆ.

ಬಯಾಸ್ ಬರೆಯುವಾಗ ಕರೆಂಟ್ ಹೋದರೆ ಬೋರ್ಡ್ ಮೇಲೇಳದೆ ಹೋಗಬಹುದು. ಏಪ್ರಿಲ್, ಮೇ ಸಂಜೆಗಳಲ್ಲಿ ಮೋಡ ಕಟ್ಟಿದಾಗ ಇದಕ್ಕೆ ಕೈಹಾಕಬೇಡಿ. ಬೆಸ್ಕಾಂ ಲೈನು ಯಾವಾಗ ಟ್ರಿಪ್ ಆಗುತ್ತದೋ ಹೇಳಲಾಗದು. ಡೆಸ್ಕ್‌ಟಾಪ್‌ಗೆ ಯುಪಿಎಸ್ ಇರಲಿ, ಲ್ಯಾಪ್‌ಟಾಪ್‌ಗೆ ಬ್ಯಾಟರಿ ತುಂಬಿರಲಿ, ಚಾರ್ಜರ್ ಸಿಕ್ಕಿಸಿರಲಿ. ಬಿಟ್‌ಲಾಕರ್ ಇದ್ದರೆ ಮೊದಲು ‘ಸಸ್ಪೆಂಡ್’ ಮಾಡಿ. ನಡುವೆ ಪರದೆ ಕಪ್ಪಾಗಬಹುದು, ಫ್ಯಾನ್ ಜೋರಾಗಬಹುದು, ಯಂತ್ರ ಹಲವು ಸಲ ರೀಸ್ಟಾರ್ಟ್ ಆಗಬಹುದು. ಪವರ್ ಬಟನ್ ಮುಟ್ಟದೆ ಕಾಯಿರಿ. ಒಂದು ವೇಳೆ ನಿಂತೇ ಹೋದರೆ ಕೆಲವು ಬೋರ್ಡುಗಳಲ್ಲಿ ‘ಫ್ಲ್ಯಾಶ್‌ಬ್ಯಾಕ್’ ಬಟನ್ ಇರುತ್ತದೆ, ಪೆನ್‌ಡ್ರೈವ್‌ನಿಂದ ಮತ್ತೆ ಬರೆಯಬಹುದು. ಇಲ್ಲದಿದ್ದರೆ ಚಿಪ್‌ಗೆ ಪ್ರೋಗ್ರಾಮರ್ ಅನ್ನುವ ಉಪಕರಣ ಹಚ್ಚಿ ಬರೆಯುವ ರಿಪೇರಿಯವರ ಬಳಿ ಹೋಗಬೇಕು, ಅದೂ ವಾರಂಟಿ ಮುಗಿದಿದ್ದರೆ ಮಾತ್ರ.

ಅಪ್‌ಡೇಟ್ ಬರದಿರುವುದು ದೋಷವಲ್ಲದಾಗ

ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆ ಬಳಕೆದಾರರಿಗೆ ನೋಂದಣಿ ಮಾಡಿಕೊಂಡರೆ ಭದ್ರತಾ ಅಪ್‌ಡೇಟ್ 2026ರ ಅಕ್ಟೋಬರ್ 13ರವರೆಗೆ. ವಿಂಡೋಸ್ 11 ‘ಟಿಪಿಎಂ 2.0 (ಅದು ಕೇಳುವ ಭದ್ರತಾ ಸೌಲಭ್ಯ) ಇಲ್ಲ’ ಅಂದರೆ ಬಯಾಸ್‌ನಲ್ಲಿ ಇಂಟೆಲ್ ಆದರೆ ಪಿಟಿಟಿ, ಎಎಂಡಿ ಆದರೆ ಎಫ್‌ಟಿಪಿಎಂ ಹುಡುಕಿ ಆನ್ ಮಾಡಿ, ಬಹಳ ಸಲ ಅದು ಬರೀ ಆಫ್ ಆಗಿರುತ್ತದೆ. ಇಂಟೆಲ್ 8ನೇ ತಲೆಮಾರಿಗಿಂತ ಹಳೆಯದಾದರೆ ಕೆಲವು ವಿನಾಯಿತಿ ಬಿಟ್ಟು ಅದು ವಿಂಡೋಸ್ 11 ಒಪ್ಪುವ ಪ್ರೊಸೆಸರ್‌ಗಳ ಪಟ್ಟಿಯಲ್ಲೇ ಇಲ್ಲ. ಓದು-ಬರಹ, ಬ್ಯಾಂಕ್ ಕೆಲಸಕ್ಕಷ್ಟೇ ಬಳಸುವ ಅಂಥ ಯಂತ್ರಕ್ಕೆ ಲಿನಕ್ಸ್ ಹಾಕಿ ಅನ್ನುವುದೇ ನನ್ನ ಸಲಹೆ.

ಫೋನ್ ಮಾಡುವಾಗ

ನಂಬರನ್ನು ಬಿಲ್, ಡಬ್ಬ ಅಥವಾ ನೀವೇ ವಿಳಾಸ ಟೈಪ್ ಮಾಡಿ ತೆರೆದ ಕಂಪನಿಯ ವೆಬ್‌ಸೈಟಿನಿಂದ ಮಾತ್ರ ತೆಗೆದುಕೊಳ್ಳಿ. ಹುಡುಕಾಟದಲ್ಲಿ ಮೇಲೆ ಬರುವ ನಂಬರುಗಳಲ್ಲಿ ವಂಚಕರದ್ದೂ ಇರುತ್ತವೆ. ಒಟಿಪಿ ಕೇಳಿದರೆ, ‘ಹತ್ತು ರೂಪಾಯಿ ರಿಜಿಸ್ಟ್ರೇಶನ್’ ಅಂತ ಲಿಂಕ್ ಕಳಿಸಿದರೆ, ಫೋನಿನಲ್ಲಿ ಪರದೆ ಹಂಚುವ ಆ್ಯಪ್ ಹಾಕಿ ಅಂದರೆ ಆ ಕ್ಷಣವೇ ಇಟ್ಟುಬಿಡಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಆ ಹಣವನ್ನು ಮಧ್ಯದಲ್ಲೇ ತಡೆಯುವ ಸಾಧ್ಯತೆ ಹೆಚ್ಚು.

ಅಸಲಿ ಕಸ್ಟಮರ್ ಕೇರ್‌ನವರ ಮುಂದೆ ಪ್ರಶ್ನೆಗಳ ಪಟ್ಟಿ ಇರುತ್ತದೆ. ನೀವು ‘ವೈಫೈ ಬರ್ತಿಲ್ಲ ಸರ್’ ಅಂದರೆ ಅವರು ರೀಸ್ಟಾರ್ಟ್‌ನಿಂದಲೇ ಶುರುಮಾಡಬೇಕು. ಅದರ ಬದಲು ಇಷ್ಟು ಹೇಳಿ ನೋಡಿ: ‘ಮೇಡಂ, ಸರಣಿ ಸಂಖ್ಯೆ ಬರ್ಕೊಳ್ಳಿ. ಶುಕ್ರವಾರದಿಂದ ವೈಫೈ ಕಾರ್ಡ್ ಡಿವೈಸ್ ಮ್ಯಾನೇಜರ್‌ನಲ್ಲೇ ಕಾಣ್ತಿಲ್ಲ. ನಿಮ್ಮ ಪುಟದಿಂದ ಡ್ರೈವರ್ ಹಾಕಿದ್ದೀನಿ, ಬಯಾಸ್‌ನಲ್ಲಿ ವೈಫೈ ಆನ್ ಇದೆ, ಪೆನ್‌ಡ್ರೈವ್‌ನಲ್ಲಿ ಲಿನಕ್ಸ್ ಹಾಕಿ ನೋಡಿದರೂ ಕಾಣ್ತಿಲ್ಲ. ಕಾರ್ಡೇ ಕೆಟ್ಟಿದೆ ಅನ್ಸುತ್ತೆ, ಎಂಜಿನಿಯರ್ ವಿಸಿಟ್ ಹಾಕಿಕೊಡಿ.’ ಕನ್ನಡದಲ್ಲಿ ಮಾತಾಡುವವರನ್ನು ಕೊಡಿ ಅಂತ ಕೇಳಲು ಹಿಂಜರಿಯಬೇಡಿ. ದೂರಿನ ಸಂಖ್ಯೆ ಪಡೆದು, ಅದೇ ವಿಷಯವನ್ನು ಇಮೇಲ್‌ನಲ್ಲೂ ಹಾಕಿ. ಮುಂದೆ ಜಗಳ ಬಂದರೆ ಲೆಕ್ಕಕ್ಕೆ ಬರುವುದು ಬರಹದಲ್ಲಿರುವುದೇ.

ವಾರಂಟಿ ಇದ್ದೂ ಆಗುವುದಿಲ್ಲ ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಅಲ್ಲಿ ಕನ್ನಡದಲ್ಲೂ ಹೇಳಬಹುದು. ಅದೂ ಫಲಿಸದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಊರಿನಲ್ಲೇ ದೂರು ಕೊಡಬಹುದು, ಕಂಪನಿಯ ಕಚೇರಿ ಎಲ್ಲೇ ಇರಲಿ. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ, ತಕರಾರು ಹುಟ್ಟಿದ 2 ವರ್ಷದೊಳಗೆ ಹೋಗಬೇಕು. ಬಿಲ್ ಇಲ್ಲದೆ ಕೊಂಡವರಿಗೆ ಈ ದಾರಿ ಬಹಳ ಕಷ್ಟವಾಗುತ್ತದೆ.

ಯಂತ್ರ ಕೊಡುವ ಮುಂಚೆ ಫೈಲುಗಳ ಪ್ರತಿ ತೆಗೆದಿಡಿ, ಜಾಬ್ ಶೀಟ್‌ನಲ್ಲಿ ರ‍್ಯಾಮ್, ಎಸ್‌ಎಸ್‌ಡಿ, ಚಾರ್ಜರ್ ವಿವರ ಬರೆಸಿ. ವಾಪಸ್ ತೆಗೆದುಕೊಳ್ಳುವಾಗ ಮದರ್‌ಬೋರ್ಡ್ ಬದಲಿಸಿದ್ದೇವೆ ಅಂದರೆ ಕೌಂಟರ್ ಬಿಡುವ ಮೊದಲು ಬಯಾಸ್ ತೆರೆದು ಸರಣಿ ಸಂಖ್ಯೆ ನೋಡಿ. ಹೊಸ ಬೋರ್ಡಿಗೆ ಅದನ್ನು ಬರೆಯುವುದು ಅವರ ಕೆಲಸ, ಕೆಲವೊಮ್ಮೆ ಖಾಲಿ ಬಿಟ್ಟಿರುತ್ತಾರೆ. ಖಾಲಿಯಿದ್ದರೆ ತಯಾರಕರ ಅಪ್‌ಡೇಟ್ ಉಪಕರಣ ನಿಮ್ಮ ಯಂತ್ರವನ್ನು ಗುರುತಿಸದೆ ಹೋಗಬಹುದು. ಅಲ್ಲೇ ನಿಂತು ಬರೆಸಿಕೊಂಡು, ವಿಂಡೋಸ್ ಆ್ಯಕ್ಟಿವ್ ಆಗಿದೆಯೇ ನೋಡಿ, ಆಮೇಲೆ ಸಹಿ ಹಾಕಿ.